ಷೋಕೇಸಿನ ಬೀಗದ ಕೈ

ಸುಂಟಿಕೊಪ್ಪದಲ್ಲಿ ಬಸ್ಸು ಇಳಿದವರು
ಮೊದಲು ನೋಡುತ್ತಿದ್ದದ್ದು ನಮ್ಮ ಗಾಜಿನ ಪೆಟ್ಟಿಗೆಯನ್ನೇ.
ಒಳಗೆ ಕೆಂಪು ಮಖಮಲ್ಲು, ಗುಂಡುಸೂಜಿಯಲ್ಲಿ ಚುಚ್ಚಿದ ನಗೆಗಳು:
ಕುಪ್ಯಚೇಲೆ ತೊಟ್ಟು ಮೀಸೆ ತಿರುವಿದ ಮದುಮಗ,
ಬೋರಲು ಬಿದ್ದು ತಲೆಯೆತ್ತಿದ ಮಗು,
ಎಸ್ಟೇಟ್ ಆಸ್ಪತ್ರೆಯ ನರ್ಸ್ ಬೆನೆಡಿಕ್ಟಾ, ಅರ್ಧ ಮುಖಕ್ಕಷ್ಟೇ ಬೆಳಕು.
ಬೀಗದ ಕೈ ಅಪ್ಪನ ಉಡಿದಾರದಲ್ಲಿ.

ಒಂದು ಸಂಜೆ ಬೆನೆಡಿಕ್ಟಾ ಬಂದಳು.
ಕೊಡೆ ಮಡಚಲಿಲ್ಲ, ಕೂರಲಿಲ್ಲ.
"ಕುಂಞಂಬಣ್ಣ, ನನ್ನದನ್ನು ತೆಗೀರಿ." ಅಷ್ಟೇ.
ಯಾಕೆ ಎಂದು ಅಪ್ಪ ಕೇಳಲಿಲ್ಲ.
ಗಾಜು ಸರಿಸಿ, ಸೂಜಿ ಕಿತ್ತು, ಪಟ ಕೊಟ್ಟ.
ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ಕೆದಕಿ
ನೆಗೆಟಿವ್ ತಂದು ದೀಪಕ್ಕೆ ಹಿಡಿದು ತೋರಿಸಿದ:
ಕಪ್ಪು ಮುಖ, ಬೆಳ್ಳಗಿನ ಕೂದಲು. "ಇದೊಂದೇ, ಬೇರೆ ಇಲ್ಲ."
ಅವಳದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಡೆದಳು.
ಮಖಮಲ್ಲಿನ ಮೇಲೆ ಉಳಿಯಿತು
ಬಿಸಿಲು ತಾಗದ ಒಂದು ಚೌಕ,
ಸುತ್ತಲಿಗಿಂತ ಕೆಂಪಗೆ.
ಬಹಳ ದಿನ ಅಪ್ಪ ಅಲ್ಲಿ ಬೇರೆ ಪಟ ಚುಚ್ಚಲಿಲ್ಲ.

ಈಗ ಪೆಟ್ಟಿಗೆಯಿಲ್ಲ. ಆ ಜಾಗದಲ್ಲಿ ಝೆರಾಕ್ಸ್ ಯಂತ್ರ.
ಆಧಾರ್ ಕಾರ್ಡನ್ನು ಅದರ ಹೊಟ್ಟೆಯಲ್ಲೇ ಮರೆತು ಹೋಗುತ್ತಾರೆ ಜನ;
ಓಡಿಹೋಗಿ ಆಟೋ ನಿಲ್ಲಿಸಿ ಕೊಟ್ಟು ಬರುತ್ತೇನೆ,
ಅಷ್ಟರ ಮಟ್ಟಿಗೆ ಪ್ರಾಮಾಣಿಕ.
ಷೋಕೇಸು ಫೋನಿನೊಳಗೆ ಹೋಯಿತು. ಸ್ಟುಡಿಯೋದ ಪೇಜು.
ಹನ್ನೊಂದು ಸಾವಿರ ಮಂದಿ,
ಇಲ್ಲಿ ಬಸ್ಸು ಇಳಿಯದವರು.

ಪೂವಕ್ಕ ಬಂದದ್ದು ಪರೀಕ್ಷೆ ಅರ್ಜಿಯ ವಾರ,
ಪಾಸ್‌ಪೋರ್ಟ್ ಸೈಜಿನವರ ಸಾಲು ಕರಗುವವರೆಗೆ ಕಾದಳು.
ಫೋನನ್ನು ಕೌಂಟರಿನ ಮೇಲೆ ಬೋರಲಿಟ್ಟು, ಆಮೇಲೆ ತಿರುಗಿಸಿದಳು.
ಅವಳ ಅಕ್ಕನ ಮದುವೆಯಲ್ಲಿ ನಾನೇ ತೆಗೆದದ್ದು:
ಹಿಂದಕ್ಕೆ ನೆರಿಗೆ, ಕೊರಳಲ್ಲಿ ಅಜ್ಜಿಯ ಪತ್ತಾಕ್,
ಯಾರೋ ಏನೋ ಅಂದದ್ದಕ್ಕೆ ತಿರುಗಿ ನಕ್ಕ ಗಳಿಗೆ.
ಎರಡನೆಯದರಲ್ಲಿ ಅದೇ ನಗು, ಬೇರೆ ಹೆಸರು,
"ಮಡಿಕೇರಿಗೆ ಬಂದರೆ ಮೆಸೇಜ್ ಮಾಡಿ", ಒಂದು ನಂಬರು.
ಮೂರನೆಯದಕ್ಕೆ ಅಂಗೈ ಮುಚ್ಚಿದಳು.
"ಅಣ್ಣಾ, ಇದನ್ನು ತೆಗೀರಿ."

ನನ್ನ ಕೈ ಸೊಂಟಕ್ಕೆ ಹೋಯಿತು.
ಉಡಿದಾರವಿಲ್ಲದ ಪ್ಯಾಂಟು.
ಪೇಜಿನಿಂದ ಅಳಿಸಿದೆ, ಒಂದು ಸೆಕೆಂಡು.
ಆ ಗಾಜಿನಾಚೆ ಇನ್ನೆಷ್ಟು ಗಾಜು,
ಯಾವ ಊರಿನ ಯಾವ ಜೇಬಿನಲ್ಲಿ ಬೀಗದ ಕೈ?
ಹಾಕುವ ಮೊದಲು ಕೇಳಿದ್ದೆನೇ? ಇಲ್ಲ.
ಫೋಟೋ ಚೆನ್ನಾಗಿ ಬಂದಿತ್ತು. ಕಾರಣ ಇಷ್ಟೇ.

ಮಡಿಕೇರಿಯ ಠಾಣೆಗೆ ಜೊತೆಯಲ್ಲಿ ಹೋದೆ.
ಸ್ಕ್ರೀನ್‌ಶಾಟು, ಲಿಂಕು, ದಿನಾಂಕ, ಹೊತ್ತು.
ಪಟ ತೆಗೆದವರು ಯಾರು? ಮೊದಲು ಹಾಕಿದವರು ಯಾರು?
ಎರಡಕ್ಕೂ ಒಂದೇ ಹೆಸರು ಬರೆಸಿದೆ.
ಪೂವಕ್ಕ ಕಿಟಕಿ ನೋಡುತ್ತಿದ್ದಳು.
ಕೆಲವು ಹೋದವು. ಕೆಲವು ಹೋದ ಹಾಗೆ ಮಾಡಿ
ಬೇರೆ ಹೆಸರಲ್ಲಿ ಎದ್ದವು.
ಜಿಗಣೆ ಕಿತ್ತ ಮೇಲೂ
ಕಾಲು ತಡವಿಕೊಳ್ಳುವುದು ತಪ್ಪುವುದಿಲ್ಲ.

ಆ ರಾತ್ರಿ ಪೇಜನ್ನು ತಳದವರೆಗೆ ಎಳೆದೆ.
ಮಗುವಿನ ಯೂನಿಫಾರ್ಮಿನಲ್ಲಿ ಶಾಲೆಯ ಹೆಸರು,
ಗೇಟಿನ ಹಲಗೆಯಲ್ಲಿ ಮನೆತನ,
ಎಣ್ಣೆನೀರಿನ ದಿನದ ಬರಿಮೈ. ಎಲ್ಲಕ್ಕೂ ನನ್ನದೇ ಬೆಳಕು.
ಬೆಳಗಿಗೆ ಉಳಿದದ್ದು ಅಂಗಡಿಯ ಬೋರ್ಡು, ತೆರೆಯುವ ಸಮಯ.

ಈಗ ಬಿಲ್ಲು ಬರೆಯುವಾಗಲೇ ಕೇಳುತ್ತೇನೆ.
"ಹಾಕಣ್ಣಾ, ಟ್ಯಾಗ್ ಮಾಡು" ಅನ್ನುವವರಿದ್ದಾರೆ.
ಹರದೂರಿನ ಅಜ್ಜಿಯೊಬ್ಬರು ಯೋಚಿಸಿ ಹೇಳಿದರು:
"ಸತ್ತ ಮೇಲೆ ಪೇಪರಿಗೆ ಹಾಕು. ಅಲ್ಲಿವರೆಗೆ ಬೇಡ."

ಮೊನ್ನೆ ಪೂವಕ್ಕ ಬಂದಳು. ಕೆಲಸದ ಅರ್ಜಿಗೆ ಎಂಟು ಕಾಪಿ.
ನಗಲಿಲ್ಲ; ನಗಿ ಎಂದು ನಾನೂ ಹೇಳಲಿಲ್ಲ.
ಎಂಟನ್ನೂ ಎಣಿಸಿ ಪರ್ಸಿಗೆ ಹಾಕಿಕೊಂಡು ಹಾಗೇ ನಿಂತಳು.
ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ,
ಕೀಬೋರ್ಡು ಸರಿಸಿದೆ.
ಅಳಿಸಲೇ ಎಂದು ಯಂತ್ರ ಕೇಳಿತು. ಒತ್ತಿದ ಬೆರಳು ಅವಳದು.

ಆಮೇಲೆ, "ಆ ಕಸದ ಬುಟ್ಟಿಯನ್ನೂ ಒಮ್ಮೆ ತೆಗೀರಿ" ಅಂದಳು,
ಬಗ್ಗಿ ನೋಡಿದಳು.